ರೇಸ್ ಮುಗಿದ ಮೇಲಿನ ಅರ್ಧ ಗಂಟೆ

ರೇಸ್ ಮುಗಿಸಿ ಪಿಟ್‌ಗೆ ಬಂದ ತಕ್ಷಣ ನಾನು ಟೈಮಿಂಗ್ ಶೀಟ್ ನೋಡುವುದಿಲ್ಲ. ಎಷ್ಟನೆಯವನಾಗಿ ಬಂದೆ ಅನ್ನುವುದು ಹೇಗೂ ಗೊತ್ತಿರುತ್ತದೆ. ಯಾವ ಲ್ಯಾಪ್ (ಟ್ರ್ಯಾಕ್‌ನ ಒಂದು ಸುತ್ತು) ಎಷ್ಟು ಸೆಕೆಂಡ್, ಮುಂದಿದ್ದವನಿಗೂ ನನಗೂ ಎಷ್ಟು ಅಂತರ, ಅದೆಲ್ಲ ಆಮೇಲೆ. ಬೈಕ್ ನಿಲ್ಲುತ್ತಿದ್ದ ಹಾಗೆ ಮೆಕ್ಯಾನಿಕ್ ಎರಡೂ ಟೈರ್‌ಗಳ ಪ್ರೆಶರ್ ಅಳೆಯುತ್ತಾನೆ. ಟೈರ್ ತಣ್ಣಗಾದರೆ ಆ ಲೆಕ್ಕ ಮತ್ತೆ ಸಿಗುವುದಿಲ್ಲ. ನಾನು ಹೆಲ್ಮೆಟ್ ತೆಗೆದು, ನೀರು ಕುಡಿದು, ನೆರಳಿನಲ್ಲಿ ಕೂತು, ಟ್ರ್ಯಾಕ್‌ನ ನಕ್ಷೆ ಅಚ್ಚು ಹಾಕಿದ ಒಂದು ಹಾಳೆ ತೆಗೆದುಕೊಳ್ಳುತ್ತೇನೆ. ಮೈಗೆ ಏನು ಅನ್ನಿಸಿತೋ ಅದನ್ನು ಒಂದೊಂದೇ ತಿರುವಿನ ಪಕ್ಕ ಬರೆಯುತ್ತೇನೆ.

ನಾನು ಓಡಿಸುವುದು ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ 165 ಸಿಸಿ ವಿಭಾಗದಲ್ಲಿ. ಹೆಚ್ಚಿನ ರೇಸ್‌ಗಳು ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೆಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ನಡೆಯುತ್ತವೆ. 3.7 ಕಿಲೋಮೀಟರ್, 12 ತಿರುವು. ಬೆಂಗಳೂರಿನವರಿಗೆ ನಮ್ಮೂರಿನ ಟ್ರ್ಯಾಕ್ ಅಂತ ಒಂದಿಲ್ಲ, ಹಾಗಾಗಿ ಬೈಕನ್ನು ಟೆಂಪೋಗೆ ಹಾಕಿಕೊಂಡು ಚೆನ್ನೈ ಹೆದ್ದಾರಿ ಹಿಡಿಯುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಸುರಿದು, ಸಿಗುವುದು ಕೆಲವೇ ಲ್ಯಾಪ್. ಆ ಲ್ಯಾಪ್‌ಗಳಿಂದ ಏನು ಕಲಿತೆವು ಅನ್ನುವುದು ಕೈಬಿಟ್ಟು ಹೋಗಬಾರದು, ಅಲ್ವಾ? ಈ ಬರಹ ಅದಕ್ಕೇ. ರೇಸ್ ಆದ ಮೇಲೆ ನನ್ನ ಓಟವನ್ನು ನಾನೇ ಹೇಗೆ ನೋಡುತ್ತೇನೆ ಅಂತ ಹೇಳುತ್ತೇನೆ. ಇದರಲ್ಲಿ ಬಹುಪಾಲು ಕಲಿತದ್ದು ಬೈಕ್ ರೇಸ್‌ನ ವಿಶ್ವ ಚಾಂಪಿಯನ್‌ಶಿಪ್ ಆದ ಮೋಟೋಜಿಪಿಯ ಸವಾರರ ಮಾತು ಕೇಳಿ.

ಮೋಟೋಜಿಪಿಯಲ್ಲಿ ಒಂದು ನಿಯಮ ನನಗೆ ತುಂಬಾ ಇಷ್ಟ. ಫಾರ್ಮುಲಾ ಒನ್ ಕಾರಿನಿಂದ ಪಿಟ್‌ಗೆ ಕ್ಷಣಕ್ಷಣದ ಮಾಹಿತಿ ಹರಿದು ಬರುತ್ತಿರುತ್ತದೆ. ಮೋಟೋಜಿಪಿ ಬೈಕ್‌ನಿಂದ ಹಾಗೆ ಬರುವ ಹಾಗಿಲ್ಲ. ಸೆನ್ಸರ್‌ಗಳು ಬರೆದಿಟ್ಟಿದ್ದನ್ನು ಬೈಕ್ ಪಿಟ್‌ಗೆ ಬಂದ ಮೇಲೆಯೇ ಇಳಿಸಿಕೊಳ್ಳಬೇಕು. ಆದ್ದರಿಂದ ಜಗತ್ತಿನ ಅತಿ ದುಬಾರಿ ಬೈಕ್‌ನ ಬಗ್ಗೆ ಕೂಡ ಮೊದಲ ಸುದ್ದಿ ಬರುವುದು ಸವಾರನ ಬಾಯಿಂದಲೇ. ಪ್ರಾಕ್ಟೀಸ್ ಮಧ್ಯೆ ಬೈಕ್ ಒಳಗೆ ಬಂದಾಗ ನೋಡಿ. ಹೆಲ್ಮೆಟ್ ಇನ್ನೂ ತಲೆಯ ಮೇಲೆಯೇ ಇರುತ್ತದೆ. ಸವಾರ ಕೈ ಆಡಿಸಿ ಏನೋ ಹೇಳುತ್ತಿರುತ್ತಾನೆ, ಕ್ರೂ ಚೀಫ್ (ಅವನ ಬೈಕ್ ನೋಡಿಕೊಳ್ಳುವ ತಂತ್ರಜ್ಞರ ಮುಖ್ಯಸ್ಥ) ಬಗ್ಗಿ ಕೇಳಿ ಬರೆದುಕೊಳ್ಳುತ್ತಿರುತ್ತಾನೆ. ಅಂಗೈ ಕೆಳಮುಖ ಮಾಡಿ ಮುಂದಕ್ಕೆ ಜಾರಿಸಿದರೆ ಫ್ರಂಟ್, ಅಂದರೆ ಮುಂದಿನ ಚಕ್ರ, ಜಾರುತ್ತಿದೆ ಅಂತ ಅರ್ಥ. ರೇಸ್ ಆದ ಮೇಲೂ ಪೋಡಿಯಂ, ಪತ್ರಿಕಾಗೋಷ್ಠಿ ಎಲ್ಲ ಮುಗಿಸಿ ಎಂಜಿನಿಯರ್‌ಗಳ ಜೊತೆ ಕೂತು ತಿರುವು ತಿರುವಾಗಿ ಮಾತಾಡುತ್ತಾರೆ. ಕೋಟಿಗಟ್ಟಲೆ ಬೆಲೆಯ ಸೆನ್ಸರ್ ಇರುವವರೇ ಸವಾರನ ಮಾತಿಗೆ ಇಷ್ಟು ಬೆಲೆ ಕೊಡುವಾಗ, ಒಂದು ಜಿಪಿಎಸ್ ಲ್ಯಾಪ್ ಟೈಮರ್ ಮತ್ತು ಒಂದು ಕ್ಯಾಮೆರಾ ಮಾತ್ರ ಇರುವ ನನ್ನಂಥವರು ಇನ್ನೆಷ್ಟು ಕೊಡಬೇಕು!

ಶೀಟ್ ನೋಡುವ ಮೊದಲೇ ಬರೆಯಬೇಕು ಅನ್ನುವುದಕ್ಕೆ ಕಾರಣ ಇದೆ. ನಾಲ್ಕನೇ ಲ್ಯಾಪ್ ನಿಧಾನ ಅಂತ ಕಾಗದದಲ್ಲಿ ಕಂಡರೆ ಸಾಕು, ತಲೆ ಅದಕ್ಕೊಂದು ಕಥೆ ಕಟ್ಟಿಬಿಡುತ್ತದೆ. 'ಹೌದು, ಆ ಲ್ಯಾಪ್‌ನಲ್ಲಿ ರಿಯರ್ ಜಾರಿತ್ತು' ಅನ್ನಿಸುತ್ತದೆ. ನಿಜವಾಗಿ ಜಾರಿದ್ದು ಎರಡನೇ ಲ್ಯಾಪ್‌ನಲ್ಲಿ ಇರಬಹುದು. ಪಕ್ಕದ ಪಿಟ್‌ನವರು ಬಂದು 'ಯಾಕೋ, ಎರಡು ಸ್ಥಾನ ಕಳಕೊಂಡ್ಯಲ್ಲ?' ಅಂದರೂ ಅಷ್ಟೇ, ನೆನಪು ಆ ಪ್ರಶ್ನೆಯ ಕಡೆಗೇ ವಾಲುತ್ತದೆ. ಅದಕ್ಕೇ ಆ ಅರ್ಧ ಗಂಟೆ ನನ್ನನ್ನು ಮಾತಾಡಿಸಬೇಡಿ ಅಂತ ಗೆಳೆಯರಿಗೆ ಹೇಳಿಟ್ಟಿದ್ದೇನೆ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹಾಳೆಯಲ್ಲಿ ಪ್ರತಿ ತಿರುವನ್ನು ನಾಲ್ಕು ತುಂಡು ಮಾಡುತ್ತೇನೆ: ಬ್ರೇಕ್ ಹಿಡಿಯುವುದು, ಬ್ರೇಕ್ ಬಿಡುತ್ತಾ ಒಳಗೆ ವಾಲುವುದು, ತಿರುವಿನ ನಡು, ಥ್ರಾಟಲ್ ತೆರೆದು ಹೊರಬರುವುದು. 'ಫ್ರಂಟ್ ಸರಿ ಇರಲಿಲ್ಲ' ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಎಲ್ಲಿ ಸರಿ ಇರಲಿಲ್ಲ ಅನ್ನುವುದೇ ಮುಖ್ಯ. ಬ್ರೇಕ್ ಇನ್ನೂ ಹಿಡಿದಿರುವಾಗ ಫ್ರಂಟ್ ಜಾರಿದರೆ ಫೋರ್ಕ್ (ಮುಂದಿನ ಸಸ್ಪೆನ್ಷನ್) ಪೂರ್ತಿ ಕುಸಿದು ಕೂತಿರಬಹುದು. ಬ್ರೇಕ್ ಬಿಟ್ಟ ಮೇಲೆ, ಥ್ರಾಟಲ್ ತೆರೆಯುವ ಮೊದಲು ಜಾರಿದರೆ ಮುಂದಿನ ಟೈರ್ ಮೇಲೆ ಭಾರ ಕಡಿಮೆಯಾಗಿರಬಹುದು. ಇನ್ನು ಥ್ರಾಟಲ್ ಕೊಟ್ಟ ಮೇಲೆ ಬೈಕ್ ಹೊರಗೆ ಹೊರಗೆ ಹೋದರೆ ಹಿಂದೆ ಜಾಸ್ತಿ ಕೂರುತ್ತಿದೆ ಅಂತ ಅನುಮಾನ. ಮೂರಕ್ಕೂ ಸವಾರನ ಬಾಯಲ್ಲಿ ಬರುವ ಮಾತು ಒಂದೇ, 'ಫ್ರಂಟ್ ಇಲ್ಲ'. ಆದರೆ ಸ್ಪ್ಯಾನರ್ ಹೋಗಬೇಕಾದ ಜಾಗ ಮೂರೂ ಬೇರೆ.

ಜಾರುವಿಕೆಯಲ್ಲೂ ಬಗೆ ಇದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಕಾಲು ಹೋದ ಹಾಗೆ ಥಟ್ಟನೆ ಹೋಗುವುದು ಒಂದು. ಮೆಲ್ಲಗೆ, ಹೇಳಿ ಕೇಳಿ ಹೋಗುವುದು ಇನ್ನೊಂದು. ಎರಡನೆಯದರ ಜೊತೆ ರೇಸ್ ಮಾಡಬಹುದು. ಮೊದಲನೆಯದರ ಜೊತೆ ಆಗುವುದಿಲ್ಲ. ಆಮೇಲೆ ಚಾಟರ್ ಅಂತ ಇದೆ, ತಿರುವಿನ ನಡುವೆ ಚಕ್ರ ಕಟಕಟ ಅಂತ ಕುಣಿಯುವುದು. ಇವನ್ನೆಲ್ಲ ಬೇರೆ ಬೇರೆ ಗುರುತಿನಿಂದ ಬರೆದುಕೊಳ್ಳುತ್ತೇನೆ. ಬರೆಯುವಾಗ ಕಣ್ಣು ಮುಚ್ಚಿ, ಕೈಗಳನ್ನು ಹ್ಯಾಂಡಲ್ ಹಿಡಿದ ಹಾಗೆ ಇಟ್ಟುಕೊಂಡು ಒಂದು ಲ್ಯಾಪ್ ಪೂರ್ತಿ ಮನಸ್ಸಿನಲ್ಲೇ ಓಡಿಸುತ್ತೇನೆ. ಯಾವುದಾದರೂ ತಿರುವಿನಲ್ಲಿ ಚಿತ್ರ ಮಸುಕಾದರೆ ಅದನ್ನೂ ಗುರುತು ಹಾಕುತ್ತೇನೆ. ಅಲ್ಲಿ ನಾನು ಬೈಕನ್ನು ನಡೆಸುತ್ತಿಲ್ಲ, ಬೈಕ್ ನನ್ನನ್ನು ನಡೆಸುತ್ತಿದೆ ಅಂತ ಲೆಕ್ಕ.

ಇದಾದ ಮೇಲೆಯೇ ಟೈಮಿಂಗ್ ಶೀಟ್. ನಮ್ಮ ಚಿಕ್ಕ ಬೈಕ್‌ಗಳಲ್ಲಿ ಲ್ಯಾಪ್ ಟೈಮ್ ಓದುವುದು ಸ್ವಲ್ಪ ಎಚ್ಚರದ ಕೆಲಸ. ಎಂಜಿನ್ ಶಕ್ತಿ ಕಡಿಮೆ, ಗಾಳಿಯೇ ದೊಡ್ಡ ಶತ್ರು. ಮುಂದಿನ ಬೈಕ್‌ನ ಹಿಂದೆ ಅಂಟಿಕೊಂಡು ಸ್ಲಿಪ್‌ಸ್ಟ್ರೀಮ್ ಹಿಡಿದರೆ ನೇರ ರಸ್ತೆಯಲ್ಲಿ ಸುಮ್ನೆ ವೇಗ ಸಿಗುತ್ತದೆ. ಹಾಗಾಗಿ ಗುಂಪಿನಲ್ಲಿ ಬಂದ ಒಳ್ಳೆಯ ಲ್ಯಾಪ್ ಪೂರ್ತಿ ನನ್ನದಲ್ಲ. ಶೀಟ್‌ನ ಪ್ರತಿ ಲ್ಯಾಪ್ ಮುಂದೆ 'ಗಾಳಿಯ ಮರೆಯಲ್ಲಿ', 'ಒಬ್ಬನೇ', 'ಹೊಡೆದಾಟದಲ್ಲಿ' ಅಂತ ಮೂರರಲ್ಲಿ ಒಂದನ್ನು ಬರೆಯುತ್ತೇನೆ. ವಿಡಿಯೋ ನೋಡಿದರೆ ಇದು ಸುಲಭ. ಚಾಂಪಿಯನ್‌ಶಿಪ್‌ನ ಒಂದು ರೌಂಡ್‌ನಲ್ಲಿ ಮೂರನೆಯವನಾಗಿ ಬಂದೆ, ಮುಂದಿನ ರೌಂಡ್‌ನಲ್ಲಿ ಐದನೆಯವನಾಗಿ. ಎಲ್ಲರೂ ಮೊದಲನೆಯದಕ್ಕೇ ಬೆನ್ನು ತಟ್ಟಿದರು. ಹೀಗೆ ಬರೆದು ನೋಡಿದಾಗ ಐದನೇ ಸ್ಥಾನದ ರೇಸ್‌ನಲ್ಲಿ ಒಬ್ಬನೇ ಓಡಿಸಿದ ಲ್ಯಾಪ್‌ಗಳು ಚೆನ್ನಾಗಿ ಸುಧಾರಿಸಿದ್ದವು. ಮೂರನೇ ಸ್ಥಾನ ಮುಂದಿದ್ದ ಇಬ್ಬರ ಬೆನ್ನಿಗೆ ಅಂಟಿಕೊಂಡು ಬಂದದ್ದು. ನನಗೆ ಐದನೇ ಸ್ಥಾನದ ರೇಸೇ ಹೆಚ್ಚು ಪ್ರೀತಿ.

ಹೊರಗೆ ಕಾಣುವುದಕ್ಕೂ ಒಳಗೆ ನಡೆಯುವುದಕ್ಕೂ ಎಷ್ಟು ದೂರ ಅಂತ ತೋರಿಸಲು ನಾನು ಹೊಸಬರಿಗೆ ಯಾವಾಗಲೂ ಹೇಳುವುದು 2025ರ ಥಾಯ್ಲೆಂಡ್ ರೇಸ್. ಆ ವರ್ಷದ ಮೊದಲ ಗ್ರ್ಯಾನ್ ಪ್ರಿ, ಬುರಿರಾಮ್‌ನಲ್ಲಿ. ಮಾರ್ಕ್ ಮಾರ್ಕೆಸ್ ಮುಂದಿದ್ದರು. ಏಳನೇ ಲ್ಯಾಪ್‌ನಲ್ಲಿ ಇದ್ದಕ್ಕಿದ್ದ ಹಾಗೆ ವೇಗ ತಗ್ಗಿಸಿ ತಮ್ಮ ಅಲೆಕ್ಸ್‌ನನ್ನು ಮುಂದೆ ಬಿಟ್ಟರು. ನೋಡಿದವರಿಗೆ ಬೈಕ್ ಕೆಟ್ಟಿತು ಅನ್ನಿಸಿತು. ಆಮೇಲೆ ತಮ್ಮನ ಹಿಂದೆಯೇ ಅಷ್ಟೂ ಲ್ಯಾಪ್ ಕೂತು, ಕೊನೆಯ ಕೆಲವು ಲ್ಯಾಪ್ ಇರುವಾಗ ದಾಟಿ ಗೆದ್ದರು. ರೇಸ್ ಆದ ಮೇಲೆ ಅವರೇ ವಿವರಿಸಿದ ಹಾಗೆ ಸಮಸ್ಯೆ ಮುಂದಿನ ಟೈರ್‌ನ ಪ್ರೆಶರ್. ನಿಯಮದ ಪ್ರಕಾರ ರೇಸ್‌ನ ಶೇ 60ರಷ್ಟು ಲ್ಯಾಪ್‌ಗಳಲ್ಲಿ ಅದು 1.8 ಬಾರ್‌ಗಿಂತ ಕೆಳಗೆ ಇರಬಾರದು. ತಪ್ಪಿದರೆ 16 ಸೆಕೆಂಡ್ ದಂಡ. ಒಬ್ಬರೇ ಮುಂದೆ ಓಡಿಸುವಾಗ ತಣ್ಣನೆ ಗಾಳಿ ಬಡಿದು ಟೈರ್ ಬೇಕಾದಷ್ಟು ಬಿಸಿಯಾಗಲಿಲ್ಲ. ಇನ್ನೊಂದು ಬೈಕ್‌ನ ಹಿಂದೆ ಕೂತರೆ ಅದರ ಬಿಸಿ ಗಾಳಿಗೆ ಟೈರ್ ಬಿಸಿಯಾಗಿ ಪ್ರೆಶರ್ ಏರುತ್ತದೆ. ಶೀಟ್ ಮಾತ್ರ ನೋಡಿದವನು ಆ ಲ್ಯಾಪ್‌ಗಳನ್ನು ನಿಧಾನದ ಲ್ಯಾಪ್ ಅಂತ ಬರೆದುಕೊಳ್ಳುತ್ತಾನೆ. ಅವು ಆ ರೇಸ್ ಗೆಲ್ಲಿಸಿದ ಲ್ಯಾಪ್‌ಗಳು.

ಇನ್ನು ಕಾರಣದ ವಿಷಯ. ನನ್ನ ಹಾಳೆಯ ಎಡಗಡೆ 'ಏನಾಯ್ತು', ಬಲಗಡೆ 'ಯಾಕಾಯ್ತು'. ರೇಸ್ ದಿನ ಎಡಗಡೆ ಮಾತ್ರ ತುಂಬುತ್ತೇನೆ. ಬಲಗಡೆ ಖಾಲಿ ಬಿಡುವುದು ಕಷ್ಟ. ಸೋತಾಗ ಕಾರಣ ಬೇಕೇ ಬೇಕು ಅನ್ನಿಸುತ್ತದೆ. ಟೈರ್, ಎಂಜಿನ್, ಬಿಸಿಲು, ಯಾರಾದರೂ ಸಿಕ್ಕಿಬಿಡುತ್ತಾರೆ. ಈ ವಿಷಯದಲ್ಲಿ ಫ್ರಾಂಚೆಸ್ಕೊ ಬನ್ಯಾಯ ಅವರ 2025ರ ಋತುವನ್ನು ನಾನು ಗೌರವದಿಂದ ನೋಡಿದೆ. ಎರಡು ಸಲ ಮೋಟೋಜಿಪಿ ವಿಶ್ವ ಚಾಂಪಿಯನ್ ಆದವರು. ವರ್ಷವಿಡೀ ಫ್ರಂಟ್‌ನ ನಂಬಿಕೆ ಸಿಗಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಜಪಾನಿನ ಮೊಟೆಗಿಯಲ್ಲಿ ಶನಿವಾರದ ಚಿಕ್ಕ ರೇಸ್ ಸ್ಪ್ರಿಂಟ್, ಭಾನುವಾರದ ಗ್ರ್ಯಾನ್ ಪ್ರಿ ಎರಡನ್ನೂ ಗೆದ್ದರು. ಒಂದೇ ವಾರದ ನಂತರ ಇಂಡೊನೇಷ್ಯಾದ ಮಂಡಲಿಕದಲ್ಲಿ ಸ್ಪ್ರಿಂಟ್‌ನಲ್ಲಿ ಎಲ್ಲರಿಗಿಂತ ಕೊನೆಗೆ ಬಂದರು. ಮರುದಿನ ರೇಸ್‌ನಲ್ಲಿ ಬಿದ್ದರು. ಬನ್ಯಾಯ ಅವರ ಬೈಕ್ ಮಾಡಿದ ಡುಕಾಟಿಯವರ ಹತ್ತಿರ ತಮ್ಮ ಎಲ್ಲ ಸವಾರರ ಡೇಟಾ ಇರುತ್ತದೆ, ಒಬ್ಬರದು ಇನ್ನೊಬ್ಬರು ನೋಡಬಹುದು. ಅಷ್ಟಿದ್ದರೂ ಒಂದು ವಾರದಲ್ಲಿ ಎಲ್ಲ ತಲೆಕೆಳಗಾಗಬಹುದು. ಅಂಥ ಜಾಗದಲ್ಲೇ ಉತ್ತರ ಅಷ್ಟು ಬೇಗ ಸಿಗದಿದ್ದರೆ, ರೇಸ್ ಮುಗಿದು ಹತ್ತು ನಿಮಿಷಕ್ಕೆ ನನಗೆ ಎಲ್ಲ ಗೊತ್ತಾಯ್ತು ಅಂತ ನಾನು ಹೇಳುವುದು ಹೇಗೆ? ಬಲಗಡೆಯನ್ನು ಬೆಂಗಳೂರಿಗೆ ಬಂದ ಮೇಲೆ, ವಿಡಿಯೋ ಮತ್ತು ಟೈಮರ್ ಮುಂದಿಟ್ಟುಕೊಂಡು, ಮೆಕ್ಯಾನಿಕ್ ಜೊತೆ ಕೂತು ತುಂಬುತ್ತೇನೆ. ಎಡಗಡೆ ಬರೆದ ಮಾತಿಗೆ ಡೇಟಾದಲ್ಲಿ ಸಾಕ್ಷಿ ಸಿಗದಿದ್ದರೂ ಅಳಿಸುವುದಿಲ್ಲ. ಎರಡು ಮೂರು ರೌಂಡ್‌ನಲ್ಲಿ ಅದೇ ಮಾತು ಅದೇ ತಿರುವಿನಲ್ಲಿ ಮತ್ತೆ ಬಂದರೆ ಅದು ನಿಜ.

ಬೈಕ್‌ನ ಜೊತೆ ಮೈಯ ಲೆಕ್ಕವೂ ಬೇಕು. 2023ರ ಸೆಪ್ಟೆಂಬರ್ 24ರಂದು ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ಮೋಟೋಜಿಪಿ ನಡೆದಾಗ ನಾನು ಸ್ಟ್ಯಾಂಡ್‌ನಲ್ಲಿದ್ದೆ. ಸೆಖೆ ಎಷ್ಟಿತ್ತೆಂದರೆ ರೇಸನ್ನು 24 ಲ್ಯಾಪ್‌ನಿಂದ 21ಕ್ಕೆ ಇಳಿಸಿದ್ದರು. ಮಾರ್ಕೊ ಬೆಜೆಕಿ ದೊಡ್ಡ ಅಂತರದಿಂದ ಗೆದ್ದರು. ಎರಡನೇ ಸ್ಥಾನಕ್ಕೆ ಹೋರ್ಹೆ ಮಾರ್ಟಿನ್ ಮತ್ತು ಫ್ಯಾಬಿಯೊ ಕ್ವಾರ್ಟರಾರೊ ನಡುವೆ ಕೊನೆಯ ಲ್ಯಾಪ್‌ವರೆಗೂ ಪೈಪೋಟಿ. ಮಾರ್ಟಿನ್ ಎರಡನೆಯವರಾಗಿ ಬಂದರು, ಬಂದ ಮೇಲೆ ನಿಲ್ಲಲೂ ಆಗದಷ್ಟು ಬಸವಳಿದಿದ್ದರು. ಮೈಯಲ್ಲಿ ನೀರಿನಂಶವೇ ಇರಲಿಲ್ಲ. ಅಷ್ಟು ತಯಾರಿ ಇರುವವರಿಗೇ ಹೀಗಾದರೆ ಚೆನ್ನೈ ಬಿಸಿಲಿನಲ್ಲಿ ಲೆದರ್ ಸೂಟ್ ಹಾಕಿ ಓಡುವ ನಮಗೆ ಏನಾಗಬಹುದು ಅಂತ ಅವತ್ತು ಸರಿಯಾಗಿ ನಾಟಿತು. ಅಂದಿನಿಂದ ರೇಸ್‌ಗೆ ಮೊದಲು ಮತ್ತು ನಂತರ ತೂಕ ನೋಡುತ್ತೇನೆ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಬೆವರಾಗಿ ಹೋಗಿದೆ ಅಂತ ಅರ್ಥ. ಕೊನೆಯ ಲ್ಯಾಪ್‌ಗಳಲ್ಲಿ ಬ್ರೇಕ್ ಜಾಗ ತಪ್ಪುತ್ತಾ ಹೋದರೆ ಬ್ರೇಕ್ ಪ್ಯಾಡ್ ನೋಡುವ ಮೊದಲು ಈ ಅಂಕಿ ನೋಡುವುದು ಒಳ್ಳೆಯದು.

ಗೆದ್ದ ದಿನವೂ ಹಾಳೆ ತುಂಬಲೇಬೇಕು. ನನ್ನ ಪ್ರಕಾರ ಅವತ್ತೇ ಜಾಸ್ತಿ ಬೇಕು. ಎಲ್ಲರೂ ಕೈ ಕುಲುಕುತ್ತಿರುತ್ತಾರೆ, ಯಾರಿಗೂ ತಿರುವುಗಳ ಬಗ್ಗೆ ಕೇಳುವ ಮನಸ್ಸಿರುವುದಿಲ್ಲ. ಗೆಲುವು ಬಹಳಷ್ಟನ್ನು ಮುಚ್ಚಿಹಾಕುತ್ತದೆ. 2024ರಲ್ಲಿ ಬನ್ಯಾಯ 11 ಗ್ರ್ಯಾನ್ ಪ್ರಿ ಗೆದ್ದರು, ಮಾರ್ಟಿನ್ ಗೆದ್ದದ್ದು 3. ಚಾಂಪಿಯನ್ ಆದವರು ಮಾರ್ಟಿನ್, 508ಕ್ಕೆ 498, ಬರೀ 10 ಪಾಯಿಂಟ್ ಅಂತರ. ಮಾರ್ಟಿನ್ ಗೆಲ್ಲದ ದಿನವೂ ಹೆಚ್ಚಾಗಿ ಎರಡನೆಯದು, ಮೂರನೆಯದು ಬಿಡಲಿಲ್ಲ. ಬನ್ಯಾಯ ಬಿದ್ದ ದಿನಗಳ ಬೆಲೆಯನ್ನು ಅವರು ಗೆದ್ದ ದಿನಗಳು ತುಂಬಿಕೊಡಲಿಲ್ಲ. ಆದ್ದರಿಂದ ಗೆದ್ದಾಗ ನಾನು ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸುತ್ತೇನೆ: ಬೀಳುವ ಹತ್ತಿರ ಹೋಗಿದ್ದು ಎಲ್ಲೆಲ್ಲಿ? ಬಿದ್ದ ಜಾಗ ಎಲ್ಲರಿಗೂ ಕಾಣುತ್ತದೆ. ಬೀಳದೆ ಉಳಿದ ಜಾಗ ಸವಾರನಿಗೆ ಮಾತ್ರ ಗೊತ್ತು, ಅವನು ಬರೆಯದಿದ್ದರೆ ಸಂಜೆಯೊಳಗೆ ಮರೆತೇಹೋಗುತ್ತದೆ.

ಮೆಕ್ಯಾನಿಕ್ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಕೆಲಸದಲ್ಲಿ ಅರ್ಧ ಪಾಲು ಅವನದು. ಅವನು ನನಗೆ 'ಏನು ಬದಲಾಯಿಸಲಿ?' ಅಂತ ಕೇಳುವುದೇ ಇಲ್ಲ. 'ಏನು ಮಾಡ್ತಿತ್ತು ಗಾಡಿ?' ಅಂತ ಕೇಳುತ್ತಾನೆ. ಸವಾರ ಲಕ್ಷಣ ಹೇಳಬೇಕು, ಔಷಧಿ ಅವನು ನೋಡಿಕೊಳ್ಳುತ್ತಾನೆ. 'ಫೋರ್ಕ್ ಇನ್ನೂ ಗಟ್ಟಿ ಮಾಡು' ಅಂತ ನಾನೇ ಹೇಳಿದರೆ ಅವನ ತಿಳಿವಳಿಕೆ ಪೂರ್ತಿ ವ್ಯರ್ಥವಾಗುತ್ತದೆ.

ಕಳೆದ ರೌಂಡ್‌ನ ಹಾಳೆಯಲ್ಲಿ ಹೀಗೊಂದು ಸಾಲಿತ್ತು: 'ನೇರ ರಸ್ತೆ, ಗಾಳಿಯ ಮರೆಯಲ್ಲಿದ್ದಾಗ ಕೊನೆಯ ಗೇರ್‌ನಲ್ಲಿ ಎಂಜಿನ್ ಲಿಮಿಟರ್ ಮುಟ್ಟಿತು. ಒಬ್ಬನೇ ಇದ್ದಾಗ ಮುಟ್ಟಲಿಲ್ಲ.' ಅಂದರೆ ಎಂಜಿನ್ ತಿರುಗುವ ವೇಗ ಅದರ ಮಿತಿ ಮುಟ್ಟಿ, ಸ್ಲಿಪ್‌ಸ್ಟ್ರೀಮ್ ಕೊಟ್ಟ ವೇಗ ಗೇರಿಂಗ್‌ನಿಂದಾಗಿ ಪೋಲಾಗುತ್ತಿತ್ತು. ಹಿಂದಿನ ಸ್ಪ್ರಾಕೆಟ್‌ನಲ್ಲಿ (ಚೈನ್ ಕೂರುವ ಹಲ್ಲುಚಕ್ರ) ಒಂದು ಹಲ್ಲು ಕಡಿಮೆ ಮಾಡಿದರೆ ಅದು ಸಿಗುತ್ತದೆ, ಆದರೆ ನಿಧಾನದ ತಿರುವುಗಳಿಂದ ಹೊರಬರುವಾಗ ಎಳೆತ ಸ್ವಲ್ಪ ತಗ್ಗುತ್ತದೆ. ಗುಂಪಿನಲ್ಲಿ ರೇಸ್ ಮಾಡುವುದಾದರೆ ಒಂದು, ಒಬ್ಬನೇ ತಪ್ಪಿಸಿಕೊಂಡು ಹೋಗುವ ಆಸೆ ಇದ್ದರೆ ಇನ್ನೊಂದು. ಮುಂದಿನ ರೌಂಡ್‌ಗೆ ಎರಡೂ ಸ್ಪ್ರಾಕೆಟ್ ಟೆಂಪೋದಲ್ಲಿ ಹೋಗುತ್ತವೆ. ಶುಕ್ರವಾರದ ಪ್ರಾಕ್ಟೀಸ್‌ನಲ್ಲಿ ಮೊದಲು ಚಿಕ್ಕದನ್ನು ಹಾಕಿ ನೋಡುವುದು ಅಂತ ಇಬ್ಬರೂ ಒಪ್ಪಿದ್ದೇವೆ.