ಫೋನಿಗೆ ಇಳಿದ ಕೋಡ್ ವಾಪಸ್ ಬರುವುದಿಲ್ಲ: ದೊಡ್ಡ ಆ್ಯಪ್ ಬೀಳದಂತೆ ನೋಡಿಕೊಳ್ಳುವುದು ಹೇಗೆ

ಸರ್ವರ್ ಕೋಡ್‌ನಲ್ಲಿ ತಪ್ಪಾದರೆ ಹಳೆಯ ಬಿಲ್ಡ್, ಅಂದರೆ ಹಿಂದಿನ ಸಿದ್ಧ ಆವೃತ್ತಿ, ಮತ್ತೆ ಹಾಕಿದರಾಯಿತು. ಆ್ಯಪ್‌ನಲ್ಲಿ ಹಾಗಲ್ಲ. ಜನರ ಫೋನಿಗೆ ಇಳಿದ ಮೇಲೆ ಅದು ಅವರ ಸ್ವತ್ತು, ಅಪ್‌ಡೇಟ್ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆರು ತಿಂಗಳ ಹಿಂದಿನ ವರ್ಷನ್ ಇಟ್ಟುಕೊಂಡು ಆರಾಮಾಗಿ ಇರುವವರು ಬೇಕಾದಷ್ಟು ಜನ. ಸರ್ವರ್ ಟೀಮಿನಿಂದ ಮೊಬೈಲ್ ಟೀಮಿಗೆ ಬಂದವರು ಮೊದಲು ಎಡವುವುದು ಇಲ್ಲೇ. ತಪ್ಪು ಆಗೇ ಆಗುತ್ತದೆ, ಆದಾಗ ಹೊಸ ಅಪ್‌ಡೇಟ್ ಕಳಿಸದೆ ಅದನ್ನು ನಿಲ್ಲಿಸಲು ಆಗುತ್ತದಾ ಅನ್ನುವುದನ್ನು ಕೋಡ್ ಬರೆಯುವಾಗಲೇ ಕೇಳಿಕೊಳ್ಳಿ.

ಅದಕ್ಕೆ ಬೇಕಿರುವುದು ಸ್ವಿಚ್. ಪ್ರತಿ ಹೊಸ ಫೀಚರ್‌ಗೂ ಒಂದು ಫ್ಲ್ಯಾಗ್, ಅಂದರೆ ಆನ್ ಅಥವಾ ಆಫ್ ಅಂತ ಹೇಳುವ ಗುರುತು, ಇರಲಿ, ಸರ್ವರ್‌ನಿಂದ ಅದನ್ನು ಆಫ್ ಮಾಡಲು ಬರಬೇಕು. ಸರ್ವರ್ ಸಿಗದೇ ಹೋದರೆ ಆ್ಯಪ್ ಹಳೆಯ ದಾರಿಯನ್ನೇ ಹಿಡಿಯಬೇಕು. ಆದರೆ ಇಲ್ಲೊಂದು ಗುಂಡಿ ಇದೆ, ಸುಮಾರು ಜನ ಬಿದ್ದಿದ್ದಾರೆ: ಫ್ಲ್ಯಾಗ್ ತರುವ ಮೊದಲೇ ಆ್ಯಪ್ ಕ್ರ್ಯಾಶ್ ಆದರೆ, ನೀವು ಸ್ವಿಚ್ ಆಫ್ ಮಾಡಿದ ಸುದ್ದಿ ಆ ಫೋನಿಗೆ ತಲುಪುವುದೇ ಇಲ್ಲ. ತೆರೆಯುತ್ತದೆ, ಬೀಳುತ್ತದೆ, ತೆರೆಯುತ್ತದೆ, ಬೀಳುತ್ತದೆ. ಇದಕ್ಕೆ ಉಪಾಯ ಸಣ್ಣದು. ಆ್ಯಪ್ ತೆರೆದ ತಕ್ಷಣ, ಬೇರೆ ಯಾವ ಕೆಲಸಕ್ಕೂ ಮೊದಲು, ಫೈಲ್ ಒಂದರಲ್ಲಿರುವ ಎಣಿಕೆಗೆ ಒಂದು ಕೂಡಿಸಿ. ಹತ್ತು ಸೆಕೆಂಡ್ ಬೀಳದೆ ನಿಂತರೆ ಸೊನ್ನೆ ಮಾಡಿ. ಎಣಿಕೆ ಮೂರು ದಾಟಿದ್ದರೆ ಸೇಫ್ ಮೋಡ್: ಫೋನ್‌ನಲ್ಲಿ ಉಳಿಸಿಟ್ಟ ಹಳೆಯ ಕಾನ್ಫಿಗ್ (ಫ್ಲ್ಯಾಗ್, ಸೆಟ್ಟಿಂಗ್‌ಗಳು) ಅಳಿಸಿ, ಹೊಸ ಫ್ಲ್ಯಾಗ್ ಬರುವ ತನಕ ಕಾಯಿರಿ, ಆಮೇಲೆ ಹೋಮ್ ಸ್ಕ್ರೀನ್ ತೋರಿಸಿ. ಇದೆಲ್ಲ ಒಂದು ದಿನದ ಕೆಲಸ.

ಇದು ಸುಮ್ನೆ ಹೆದರಿಕೆ ಅಲ್ಲ. 2020ರ ಮೇ 6ರಂದು ಐಫೋನ್‌ಗಳಲ್ಲಿ ಸ್ಪಾಟಿಫೈ, ಪಿಂಟರೆಸ್ಟ್, ಟಿಕ್‌ಟಾಕ್ ತೆರೆದ ಕೂಡಲೇ ಬೀಳತೊಡಗಿದವು. ಆ ಕಂಪನಿಗಳು ತಮ್ಮ ಕೋಡ್ ಮುಟ್ಟಿರಲಿಲ್ಲ. ಆ ಆ್ಯಪ್‌ಗಳಲ್ಲಿ ಫೇಸ್‌ಬುಕ್ ಎಸ್‌ಡಿಕೆ, ಅಂದರೆ ಬೇರೆ ಆ್ಯಪ್‌ಗಳ ಒಳಗೆ ಸೇರಿಸಿಕೊಳ್ಳಲು ಫೇಸ್‌ಬುಕ್ ಕೊಡುವ ಸಿದ್ಧ ಕೋಡ್, ಇತ್ತು, ಫೇಸ್‌ಬುಕ್ ತನ್ನ ಸರ್ವರ್ ಕಡೆ ಮಾಡಿದ ಒಂದು ಬದಲಾವಣೆ ಅದನ್ನು ಕೆಡವಿತು. ಫೇಸ್‌ಬುಕ್ ಮೂಲಕ ಲಾಗಿನ್ ಆಗದವರ ಆ್ಯಪ್ ಕೂಡ ಬಿತ್ತು. ಎರಡು ತಿಂಗಳಲ್ಲಿ, ಜುಲೈ 10ರಂದು, ಮತ್ತೆ ಹಾಗೇ ಆಯಿತು. ಹಾಗಾಗಿ ಬೇರೆಯವರ ಎಸ್‌ಡಿಕೆಯನ್ನು ಆ್ಯಪ್ ತೆರೆಯುವಾಗಲೇ ಚಾಲೂ ಮಾಡಬೇಡಿ. ಬೇಕಾದಾಗ ಮಾಡಿ, ಅದಕ್ಕೂ ಒಂದು ಫ್ಲ್ಯಾಗ್ ಇಡಿ. ನಿಮ್ಮದೇ ಸರ್ವರ್‌ನಿಂದ ಬರುವ ಡೇಟಾವನ್ನೂ ಪೂರ್ತಿ ನಂಬಬೇಡಿ. ಪಟ್ಟಿ ಬರಬೇಕಾದ ಕಡೆ ಖಾಲಿ ಬಂದರೆ ಆ ಒಂದು ಭಾಗ ಕಾಣಿಸದಿರಲಿ, ಇಡೀ ಆ್ಯಪ್ ಬೀಳುವುದು ಬೇಡ.

ಇನ್ನು ರೋಲೌಟ್, ಅಂದರೆ ಹೊಸ ವರ್ಷನ್ ಜನರಿಗೆ ತಲುಪಿಸುವುದು. ಆ್ಯಪ್ ಸ್ಟೋರ್‌ನಲ್ಲಿ ಹಂತಹಂತದ ಬಿಡುಗಡೆ ಆರಿಸಿಕೊಂಡರೆ ಆಟೋ ಅಪ್‌ಡೇಟ್ ಇಟ್ಟುಕೊಂಡವರಿಗೆ ಏಳು ದಿನದಲ್ಲಿ 1, 2, 5, 10, 20, 50, 100 ಶೇಕಡಾ ಲೆಕ್ಕದಲ್ಲಿ ಹೋಗುತ್ತದೆ, ನಡುವೆ ಒಟ್ಟು 30 ದಿನದ ತನಕ ತಡೆಹಿಡಿಯಬಹುದು. ಪ್ಲೇ ಸ್ಟೋರ್‌ನಲ್ಲಿ ಶೇಕಡಾವಾರು ನಿಮ್ಮ ಕೈಯಲ್ಲೇ ಇದೆ. ನಿಲ್ಲಿಸಿದರೆ ಪ್ಲೇ ಸ್ಟೋರ್‌ನಲ್ಲಿ ಹೊಸಬರಿಗೆ ಹೋಗುವುದು ನಿಲ್ಲುತ್ತದೆ, ಆ್ಯಪ್ ಸ್ಟೋರ್‌ನಲ್ಲಿ ಆಟೋ ಅಪ್‌ಡೇಟ್ ಮಾತ್ರ ನಿಲ್ಲುತ್ತದೆ, ತಾವೇ ಹೋಗಿ ಇಳಿಸಿಕೊಳ್ಳುವವರಿಗೆ ಸಿಗುತ್ತಲೇ ಇರುತ್ತದೆ. ಎರಡರಲ್ಲೂ ಈಗಾಗಲೇ ಸಿಕ್ಕವರಲ್ಲಿ ಅದು ಹಾಗೇ ಉಳಿಯುತ್ತದೆ. 1 ಶೇಕಡಾದಲ್ಲಿ ಒಂದು ದಿನ ಪೂರ್ತಿ ಕಾಯಿರಿ, ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಊಟಕ್ಕೆ ಮೊದಲು ಹತ್ತಕ್ಕೆ ಏರಿಸುವ ಆತುರ ಬೇಡ. ಶುಕ್ರವಾರ ಬಿಡುಗಡೆ ಬೇಡವೇ ಬೇಡ. (ಮ್ಯಾನೇಜರ್ ಹೇಳಿದರೂ.)

ಯಾವ ಅಂಕಿ ನೋಡಬೇಕು? ಗೂಗಲ್ ಪ್ಲೇ ಗೆರೆ ಎಳೆದಿದೆ: ದಿನದ ಬಳಕೆದಾರರಲ್ಲಿ ಕ್ರ್ಯಾಶ್ ಕಂಡವರು 1.09 ಶೇಕಡಾ, ಆ್ಯಪ್ ಸ್ತಬ್ಧವಾಗಿದ್ದನ್ನು, ಅಂದರೆ ಎಎನ್ಆರ್ ಕಂಡವರು 0.47 ಶೇಕಡಾ ಮೀರಿದರೆ ಸ್ಟೋರ್‌ನಲ್ಲಿ ನಿಮ್ಮ ಆ್ಯಪ್ ಕಣ್ಣಿಗೆ ಬೀಳುವುದೇ ಕಡಿಮೆಯಾಗಬಹುದು. ಒಂದೇ ಮಾದರಿಯ ಫೋನ್‌ಗೆ ಆ ಗೆರೆ 8 ಶೇಕಡಾ. ಬೆರಳಿಟ್ಟ ಮೇಲೆ 5 ಸೆಕೆಂಡ್ ಉತ್ತರ ಬರದಿದ್ದರೆ ಆಂಡ್ರಾಯ್ಡ್ ಅದನ್ನು ಎಎನ್ಆರ್ ಅನ್ನುತ್ತದೆ. ಸರಾಸರಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಫೋನ್ ಮಾದರಿ, ಓಎಸ್ ವರ್ಷನ್, ಭಾಷೆ ಎಲ್ಲ ಬೇರೆಬೇರೆ ಮಾಡಿ ನೋಡಿ.

ಭಾಷೆ ಯಾಕೆ ಅಂತೀರಾ? ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಬೆಳಗಾವಿ ಕಡೆಯಿಂದ ಒಂದು ದೂರು ಬಂತು: ಮೊತ್ತ ಹಾಕಿ ಒತ್ತಿದರೆ ಏನೂ ಆಗುವುದಿಲ್ಲ. ನಮ್ಮ ಟೇಬಲ್ ಮೇಲಿದ್ದ ಹತ್ತು ಫೋನ್‌ನಲ್ಲೂ ಸರಿಯಾಗೇ ನಡೆಯುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಅವರ ಫೋನಿನ ಭಾಷೆ ಮರಾಠಿ. ನಾವು ಮೊತ್ತವನ್ನು ಫೋನಿನ ಭಾಷೆಯ ಲೆಕ್ಕದಲ್ಲಿ ಫಾರ್ಮ್ಯಾಟ್ ಮಾಡಿ ಸರ್ವರ್‌ಗೆ ಕಳಿಸುತ್ತಿದ್ದೆವು, ಆಂಡ್ರಾಯ್ಡ್ ಮರಾಠಿಗೆ ದೇವನಾಗರಿ ಅಂಕಿ ಕೊಡುತ್ತದೆ, ಸರ್ವರ್‌ಗೆ ಅದು ಅಂಕಿ ಅಂತಲೇ ತಿಳಿಯಲಿಲ್ಲ. ಕನ್ನಡ ಇಟ್ಟ ಫೋನ್‌ನಲ್ಲಿ 1, 2, 3 ಅಂತಲೇ ಬರುವುದರಿಂದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಕಣ್ಣಿಗೆ ತೋರಿಸುವುದಕ್ಕೆ ಫೋನಿನ ಭಾಷೆ ಬಳಸಿ, ಸರ್ವರ್‌ಗೆ ಕಳಿಸುವುದಕ್ಕೆ ಮಾತ್ರ ಫೋನಿನ ಭಾಷೆ ಏನೇ ಇರಲಿ, ಯಾವಾಗಲೂ 1, 2, 3 ಅಂತಲೇ ಹೋಗುವಂತೆ ಕೋಡ್‌ನಲ್ಲೇ ಒಂದು ಭಾಷೆ ಗೊತ್ತುಮಾಡಿ ಕಳಿಸಿ.

ನೆಟ್‌ವರ್ಕ್‌ಗೆ ನನ್ನದು ಲಿಫ್ಟ್ ಪರೀಕ್ಷೆ. ಹಣ ಕಳಿಸುವ ಬಟನ್ ಒತ್ತಿ ಲಿಫ್ಟ್ ಒಳಗೆ ಹೋಗಿ, ಬೇಸ್‌ಮೆಂಟ್‌ಗೆ ಇಳಿದು ಮೇಲೆ ಬನ್ನಿ. ಸರ್ವರ್ ಕೆಲಸ ಮುಗಿಸಿರುತ್ತದೆ, ಉತ್ತರ ಮಾತ್ರ ದಾರಿಯಲ್ಲೇ ಕಳೆದಿರುತ್ತದೆ, ಆ್ಯಪ್ ಮತ್ತೆ ಕಳಿಸುತ್ತದೆ, ಎರಡು ಸಲ ದುಡ್ಡು ಹೋಗುತ್ತದೆ. ಬಟನ್ ಒತ್ತಿದಾಗಲೇ ಒಂದು ಗುರುತಿನ ಸಂಖ್ಯೆ ಮಾಡಿ ಫೋನ್‌ನಲ್ಲಿ ಉಳಿಸಿಕೊಂಡು, ಎಷ್ಟು ಸಲ ಕಳಿಸಿದರೂ ಅದನ್ನೇ ಕಳಿಸಿದರೆ ಸರ್ವರ್ ‘ಇದು ಆಗಲೇ ಆಗಿದೆ’ ಅಂತ ಗುರುತಿಸುತ್ತದೆ. ಮತ್ತೆ ಕಳಿಸುವ ನಡುವೆ 1, 2, 4, 8 ಸೆಕೆಂಡ್ ಅಂತ ಅಂತರ ಹೆಚ್ಚಿಸುತ್ತಾ ಹೋಗಿ, ಅದಕ್ಕೆ ಫೋನಿನಿಂದ ಫೋನಿಗೆ ಬೇರೆಯಾಗುವಂತೆ ಒಂದಿಷ್ಟು ಏರುಪೇರು ಸೇರಿಸಿ. ಇಲ್ಲದಿದ್ದರೆ ಲಕ್ಷಾಂತರ ಫೋನ್ ಒಟ್ಟಿಗೆ ಬಂದು, ಆಗಷ್ಟೇ ಎದ್ದ ಸರ್ವರ್ ಮತ್ತೆ ಮಲಗುತ್ತದೆ.

ದೊಡ್ಡ ಕಂಪನಿಯ ಇನ್ನೊಂದು ರೋಗ, ಒಂದೇ ಆ್ಯಪ್‌ಗೆ ನಲವತ್ತು ಟೀಮ್ ಕೈ ಹಾಕುವುದು. ಆ್ಯಪ್ ತೆರೆಯುವಾಗ ಹಿಡಿಯುವ ಹೊತ್ತಿನ ಬಗ್ಗೆ ಎಲ್ಲರೂ ‘ನಮ್ಮದು ಬರೀ 20 ಮಿಲಿಸೆಕೆಂಡ್’ ಅಂತಾರೆ, ಕೂಡಿದರೆ ಕಡಿಮೆ ಬೆಲೆಯ ಫೋನ್ ಏಳುವುದೇ ಇಲ್ಲ. ಪ್ರತಿ ಸ್ಕ್ರೀನ್‌ಗೂ ಒಂದು ಟೀಮಿನ ಹೆಸರು ಅಂಟಿಸಿ, ಕ್ರ್ಯಾಶ್ ಸುದ್ದಿ ನೇರ ಅವರ ಆನ್‌ಕಾಲ್‌ಗೆ, ಅಂದರೆ ಆ ಹೊತ್ತಿಗೆ ಕರೆಗೆ ಸಿದ್ಧ ಇರುವವರಿಗೆ, ಹೋಗಲಿ.

ಸ್ವಿಚ್ ಇದೆ ಅಂದರೆ ಸಾಲದು, ಮೂರು ತಿಂಗಳಿಗೊಮ್ಮೆ ಜನ ಕಡಿಮೆ ಇರುವ ಹೊತ್ತಲ್ಲಿ ನಿಜವಾಗಿ ಒತ್ತಿ ನೋಡಿ. ನಾವು ಮೊದಲ ಸಲ ಒತ್ತಿದಾಗ ಮೆನುವಿನಿಂದ ಫೀಚರ್ ಮಾಯವಾಯಿತು, ಚಪ್ಪಾಳೆನೂ ಹೊಡೆದೆವು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಟೆಸ್ಟರ್ ಹುಡುಗಿ ಬೆಳಿಗ್ಗೆ ಬಂದಿದ್ದ ಹಳೆಯ ನೋಟಿಫಿಕೇಶನ್ ಒತ್ತಿದಳು, ನಾವು ಆಫ್ ಮಾಡಿದ್ದ ಸ್ಕ್ರೀನ್ ಆರಾಮಾಗಿ ತೆರೆದುಕೊಂಡಿತು.