ಎಕ್ಸ್‌ಪ್ಲೋರರ್-1ರ ಎಣಿಕೆ ಸರ್ಕ್ಯೂಟ್ ನೀವೇ ಕಟ್ಟಿ

ಹಾಸನದ ಬಿ.ಎಂ. ರಸ್ತೆ ಪಕ್ಕ ನನ್ನದೊಂದು ರೇಡಿಯೋ-ಟಿವಿ ರಿಪೇರಿ ಅಂಗಡಿ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹ ನಿಯಂತ್ರಣ ಕೇಂದ್ರ, ಇದೆಯಲ್ಲ, ಹಾಗಾಗಿ ಕಾಲೇಜು ಹುಡುಗರು ಉಪಗ್ರಹದ ಮಾತು ತೆಗೆಯುತ್ತಲೇ ಇರುತ್ತಾರೆ. "ಅಣ್ಣ, 1958ರಲ್ಲಿ ಮೇಲೆ ವಿಕಿರಣ ಹೇಗೆ ಎಣಿಸಿದ್ರು?" ಅಂತ ಒಬ್ಬ ಕೇಳಿದ. ಅವನು ಕೇಳಿದ್ದು ಆ ವರ್ಷ ಹಾರಿದ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1ರ ಬಗ್ಗೆ. ಕಟ್ಟಿಯೇ ತೋರಿಸಿದೆ.

ಎಸ್‌ಬಿಎಂ-20 ಗೈಗರ್ ಟ್ಯೂಬ್ (ವಿಕಿರಣದ ಕಣ ಬಡಿದಾಗಲೆಲ್ಲ ಒಂದು ವಿದ್ಯುತ್ ಪಲ್ಸ್ ಕೊಡುತ್ತೆ), 400 ವೋಲ್ಟ್ ಕೊಡುವ ಸಣ್ಣ ಮಾಡ್ಯೂಲ್, ಬಿಸಿ547 ಟ್ರಾನ್ಸಿಸ್ಟರ್, ಪಲ್ಸ್ ಎಣಿಸುವ ಸಿಡಿ4024 ಐಸಿ, ಒಂದು ಎಲ್‌ಇಡಿ ತನ್ನಿ. 400 ವೋಲ್ಟನ್ನು 4.7 ಮೆಗಾಓಮ್ ಮೂಲಕ ಟ್ಯೂಬಿನ ಪ್ಲಸ್‌ಗೆ ಕೊಡಿ. ಮೈನಸ್‌ನಿಂದ 100 ಕೆ (ಕೆ ಅಂದರೆ ಕಿಲೋಓಮ್) ಗ್ರೌಂಡಿಗೆ, 10 ಕೆ ಟ್ರಾನ್ಸಿಸ್ಟರ್ ಬೇಸ್‌ಗೆ. ಎಮಿಟರ್ ಗ್ರೌಂಡಿಗೆ. ಕಲೆಕ್ಟರ್‌ಗೆ 5 ವೋಲ್ಟ್‌ನಿಂದ 10 ಕೆ ಹಾಕಿ, ಅಲ್ಲಿಂದ ಐಸಿಯ 1ನೇ ಪಿನ್‌ಗೆ. ಐಸಿಗೆ 5 ವೋಲ್ಟ್ 14ಕ್ಕೆ, ಗ್ರೌಂಡ್ 7ಕ್ಕೆ. ರೀಸೆಟ್ ಅಂದರೆ 2ನೇ ಪಿನ್, ಅದನ್ನೂ ಗ್ರೌಂಡಿಗೆ ಕಟ್ಟಿ. ಸುಮ್ನೆ ಬಿಟ್ಟರೆ ಎಣಿಕೆ ಹುಚ್ಚುಹುಚ್ಚಾಗುತ್ತೆ. 5ನೇ ಪಿನ್‌ನಿಂದ 1 ಕೆ ಹಾಕಿ ಎಲ್‌ಇಡಿ, ಅದರ ಇನ್ನೊಂದು ಕಾಲು ಗ್ರೌಂಡಿಗೆ. ಅಲ್ಲಿ 32 ಪಲ್ಸ್‌ಗೆ ಎಲ್‌ಇಡಿ ಒಂದು ಸಲ ಹತ್ತಿ ಆರುತ್ತೆ. ಎಕ್ಸ್‌ಪ್ಲೋರರ್-1 ಕೂಡ 32ರಿಂದಲೇ ಭಾಗಿಸುತ್ತಿತ್ತು, ಟ್ರಾನ್ಸಿಸ್ಟರ್‌ಗಳಿಂದ. ಕಟ್ಟಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಲುಡ್ವಿಗ್.

ಸಾದಾ ಮೀಟರ್ ಹಿಡಿದರೆ 400 ವೋಲ್ಟ್ ಕುಸಿದಂತೆ ಕಾಣುತ್ತೆ. ಮೀಟರೇ ಎಳೆದುಕೊಳ್ಳುತ್ತೆ ಅಷ್ಟೇ, ಮಾಡ್ಯೂಲಿನ ವೋಲ್ಟೇಜ್ ಹೊಂದಿಸುವ ಟ್ರಿಮ್ಮರ್ ತಿರುಗಿಸೋಕೆ ಹೋಗಬೇಡಿ. ಆಫ್ ಮಾಡಿದ ಮೇಲೂ ಕೆಪಾಸಿಟರ್ ಹೊಡೆಯುತ್ತೆ, ಹುಷಾರು.

ನನಗೆ ಆದದ್ದು ಕೇಳಿ. ಮೊದಲ ಸಲ ಆನ್ ಮಾಡಿದೆ, ಎಲ್‌ಇಡಿ ಒಂದು ಸಲವೂ ಮಿಣುಕಲಿಲ್ಲ. ಟ್ಯೂಬ್ ಸತ್ತಿದೆ ಅಂದುಕೊಂಡೆ. ನೋಡಿದರೆ 4.7 ಮೆಗಾಓಮ್ ರೆಸಿಸ್ಟರಿನ ಹಳದಿ-ನೇರಳೆ-ಹಸಿರು ಪಟ್ಟೆಗಳ ಬದಲು ಹಳದಿ-ನೇರಳೆ-ಕಿತ್ತಳೆ ಹಾಕಿದ್ದೆ, ಅಂದರೆ ಬರೀ 47 ಕೆ! ಟ್ಯೂಬ್ ಆರದೆ ಒಂದೇ ಸಮ ಹೊತ್ತಿಕೊಂಡಿತ್ತು. ಪಲ್ಸ್ ಬಿಡಿಬಿಡಿಯಾಗಿ ಬರದಿದ್ದರೆ ಐಸಿ ಏನು ಎಣಿಸೀತು?

ಎಕ್ಸ್‌ಪ್ಲೋರರ್-1, ಆಮೇಲೆ ಎಕ್ಸ್‌ಪ್ಲೋರರ್-3ರಲ್ಲೂ ತುಂಬಾ ಎತ್ತರದಲ್ಲಿ ಎಣಿಕೆ ಸೊನ್ನೆ ಬಂತು. ಕಾರಣ ಬೇರೆ, ಅಲ್ಲಿ ಕಣಗಳೇ ಜಾಸ್ತಿ. ಒಂದು ಪಲ್ಸ್ ಮುಗಿಯುವ ಮುಂಚೆ ಇನ್ನೊಂದು. ಅದೇ ಅಯೋವಾ ತಂಡದ ಕಾರ್ಲ್ ಮ್ಯಾಕ್‌ಇಲ್ವೇನ್ ಅಂಥದೇ ಕೌಂಟರಿಗೆ ಎಕ್ಸ್-ರೇ ಹಾಯಿಸಿ ಅದು ಬಾಯಿ ಮುಚ್ಚುವುದನ್ನು ತೋರಿಸಿದರು. ಭೂಮಿಯ ಸುತ್ತ ವಿಕಿರಣ ಕಣಗಳು ತುಂಬಿರುವ ವ್ಯಾನ್ ಆಲನ್ ಪಟ್ಟಿಗಳು ಗೊತ್ತಾದದ್ದು ಹಾಗೆ.

ಸರಿಯಾದ ರೆಸಿಸ್ಟರ್ ಹಾಕಿದ ಮೇಲೆ ಅಂಗಡಿಯ ಗ್ರಾನೈಟ್ ಕಟ್ಟೆ ಮೇಲೆ ಇಟ್ಟೆ. ಸುಮಾರು ಒಂದು ನಿಮಿಷ ಹತ್ತಿರುತ್ತೆ, ಒಂದು ನಿಮಿಷ ಆರಿರುತ್ತೆ. ಅಷ್ಟು ಕಾಯೋಕೆ ಬೇಜಾರಾದರೆ ಎಲ್‌ಇಡಿಯನ್ನು 12ನೇ ಪಿನ್‌ಗೆ ಹಾಕಿ, ಒಂದು ಪಲ್ಸ್‌ಗೆ ಹತ್ತುತ್ತೆ, ಮುಂದಿನ ಪಲ್ಸ್‌ಗೆ ಆರುತ್ತೆ.