ತಲಾಸ್ ನದಿಯ ಅಳತೆಗೋಲು ಹೇಳಿದ ಸುಳ್ಳು

ತಲಾಸ್ ನದಿ ಕಿರ್ಗಿಸ್ತಾನದ ಬೆಟ್ಟಗಳಲ್ಲಿ ಹುಟ್ಟುತ್ತದೆ. ಗಡಿ ದಾಟಿ ಕಜಕಸ್ತಾನದ ತರಾಜ್ ನಗರದ ಹತ್ತಿರ ಹಾದು, ಮುಯುಂಕುಮ್ ಮರಳಿನಲ್ಲಿ ಇಂಗಿಹೋಗುತ್ತದೆ. ಸಮುದ್ರ ಕಾಣುವ ಯೋಗ ಅದಕ್ಕಿಲ್ಲ. ಈ ನದಿಯ ಹರಿವು ಅಳೆಯುವ ಕೆಲಸದಲ್ಲಿ ನಾನು ಮೂರು ಬೇಸಿಗೆ ಕಳೆದೆ.

ಹೋಗುವ ಮೊದಲು ಒಪ್ಪಂದದ ಕಾಗದಗಳನ್ನು ಚೆನ್ನಾಗಿ ಓದಿಕೊಂಡಿದ್ದೆ. ಸೋವಿಯತ್ ಕಾಲದಲ್ಲಿ, 1983ರಲ್ಲೇ, ನೀರಿನ ಪಾಲು ತೀರ್ಮಾನವಾಗಿತ್ತು: ತಲಾಸ್‌ನಲ್ಲಿ ಇಬ್ಬರಿಗೂ ಅರ್ಧರ್ಧ, ಪಕ್ಕದ ಚು ನದಿಯಲ್ಲಿ ಕಿರ್ಗಿಸ್ತಾನಕ್ಕೆ ಶೇ. 58, ಕಜಕಸ್ತಾನಕ್ಕೆ ಶೇ. 42. ದೇಶಗಳು ಬೇರೆಯಾದರೂ ಪಾಲು ಹಾಗೇ ಉಳಿಯಿತು. 2000ದ ಒಪ್ಪಂದ ಇನ್ನೊಂದು ವಿಷಯ ಸೇರಿಸಿತು. ತಲಾಸ್ ಮೇಲಿನ ಕಿರೋವ್ ಅಣೆಕಟ್ಟು ಕಿರ್ಗಿಸ್ತಾನದ ನೆಲದಲ್ಲಿದ್ದರೂ ಅದರ ದುರಸ್ತಿ, ನಿರ್ವಹಣೆಯ ಖರ್ಚಿನಲ್ಲಿ ಕಜಕಸ್ತಾನವೂ ಪಾಲು ಕೊಡಬೇಕು. ಒಣ ಪ್ರದೇಶದ ನದಿಗಳಲ್ಲಿ ಇಂಥದ್ದು ಅಪರೂಪ. 2006ರಿಂದ ಇಬ್ಬರದೂ ಸೇರಿದ ಆಯೋಗ ಕೆಲಸ ಮಾಡುತ್ತಿದೆ.

ಇಷ್ಟೆಲ್ಲ ಇದ್ದ ಮೇಲೆ ಜಗಳ ಯಾಕೆ? ನನಗೂ ಹಾಗೇ ಅನಿಸಿತ್ತು.

ಶೇಕಡಾ ಲೆಕ್ಕದ ಪಾಲಿನಲ್ಲಿ ಒಂದು ಅನುಕೂಲವಿದೆ. ಬರ ಬಂದರೆ ಇಬ್ಬರಿಗೂ ಒಟ್ಟಿಗೆ ಕಡಿಮೆಯಾಗುತ್ತದೆ, ಹೊಸದಾಗಿ ಚೌಕಾಸಿ ಬೇಡ. ಆದರೆ ಅರ್ಧ ಕೊಡಬೇಕಾದರೆ ಪೂರ್ತಿ ಎಷ್ಟು ಅಂತ ಗೊತ್ತಿರಬೇಕು, ಅಲ್ವಾ? ಹಾಗಾಗಿ ಎಲ್ಲವೂ ಅಳತೆಯ ಮೇಲೆ ನಿಂತಿದೆ. ಕೆಲಸದ ಲೆಕ್ಕವೆಲ್ಲ ಅಲ್ಲಿ ಹತ್ತು ದಿನಕ್ಕೊಮ್ಮೆ. ಅದಕ್ಕೆ ‘ದೆಕಾದ’ ಅನ್ನುತ್ತಾರೆ. ಸೆಕೆಂಡಿಗೆ ಒಂದು ಘನ ಮೀಟರ್ ಹರಿವಿಗೆ ಸುಮ್ನೆ ‘ಕೂಬ್’. ಒಂದು ಕೂಬ್ ಅಂದರೆ ನಮ್ಮ ಬಾಯಲ್ಲಿ ಸುಮಾರು 35 ಕ್ಯುಸೆಕ್.

ಮೊದಲ ವರ್ಷದ ಜುಲೈಯಲ್ಲಿ ತಕರಾರು ಶುರುವಾಯಿತು. ಗಡಿಯ ಬಳಿಯ ಅಳತೆಗೋಲಿನ ಪ್ರಕಾರ 18 ಕೂಬ್ ದಾಟುತ್ತಿತ್ತು. ‘ಕೊಡಬೇಕಾದ್ದಕ್ಕಿಂತ ಜಾಸ್ತಿಯೇ ಕೊಡುತ್ತಿದ್ದೇವೆ’ ಅಂತ ಮೇಲಿನವರು, ಅಂದರೆ ಕಿರ್ಗಿಸ್ತಾನದವರು. ‘ಕಾಲುವೆ ತುಂಬುತ್ತಲೇ ಇಲ್ಲ’ ಅಂತ ಕೆಳಗಿನವರು, ಅಂದರೆ ಕಜಕಸ್ತಾನದವರು. ನಾನು ಜಾಣನಂತೆ ರೇಡಾರ್ ಮಟ್ಟಮಾಪಕ ಕೂರಿಸಿದೆ. ಯಂತ್ರಕ್ಕೆ ಪಕ್ಷಪಾತ ಇರುವುದಿಲ್ಲ ಅನ್ನುವುದು ನನ್ನ ವಾದ. ಅದೂ 18 ಅಂದಿತು. ನನ್ನ ವರದಿ ನೋಡಿ ಮೇಲಿನವರು ನಕ್ಕರು, ಕೆಳಗಿನವರು ನನ್ನ ಜೊತೆ ಮಾತು ಕಡಿಮೆ ಮಾಡಿದರು.

ಕೊನೆಗೆ ದಾರಿ ತೋರಿಸಿದ್ದು ಕೆಳದಂಡೆಯ ಒಬ್ಬ ವಯಸ್ಸಾದ ಮುರಾಬ್, ಅಂದರೆ ನೀರುಗಂಟಿ. ಅವರು ನನ್ನನ್ನು ದಡಕ್ಕೆ ಕರೆದೊಯ್ದು ನೀರಿನೊಳಗೆ ಕೋಲು ಆಡಿಸಿದರು. ಹಸಿರು ಜೊಂಡು ಸುತ್ತಿಕೊಂಡು ಬಂತು. ‘ನೀರು ಎತ್ತರ ಇದೆ, ಓಡುತ್ತಿಲ್ಲ’ ಅಂದರು, ಅಷ್ಟೇ.

ಕೋಲಾಗಲಿ ರೇಡಾರ್ ಆಗಲಿ, ಅಳೆಯುವುದು ನೀರಿನ ಮಟ್ಟವನ್ನು ಮಾತ್ರ, ಹರಿವನ್ನಲ್ಲ. ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಎಂಬ ಪಟ್ಟಿ ಮೊದಲೇ ಇರುತ್ತದೆ, ಅದರಲ್ಲಿ ನೋಡಿಕೊಳ್ಳುತ್ತೇವೆ. ಆ ಪಟ್ಟಿ ಮಾಡಿದ್ದು ವಸಂತದಲ್ಲಿ, ತಳ ಚೊಕ್ಕವಾಗಿದ್ದಾಗ. ಬಿಸಿಲೇರಿದಂತೆ ಜೊಂಡು ಬೆಳೆದು ನೀರನ್ನು ತಡೆಯುತ್ತದೆ. ಓಟ ಕುಗ್ಗುತ್ತದೆ, ಮಟ್ಟ ಏರುತ್ತದೆ. ಪಟ್ಟಿ ಪಾಪ ಅದನ್ನು ಜಾಸ್ತಿ ನೀರು ಅಂತ ಓದುತ್ತದೆ. ನದಿಗೆ ಅಡ್ಡ ಹಗ್ಗ ಕಟ್ಟಿ, ಇಪ್ಪತ್ತು ಕಡೆ ಆಳ ನೋಡಿ, ನೀರಿನ ಓಟ ಅಳೆಯುವ ‘ಕರೆಂಟ್ ಮೀಟರ್’ ಇಳಿಸಿ ವೇಗ ಅಳೆದೆವು. ಬಂದದ್ದು 15 ಕೂಬ್. ಮೇಲಿನವರು ಸುಳ್ಳು ಹೇಳಿರಲಿಲ್ಲ, ಕೆಳಗಿನವರೂ ಹೇಳಿರಲಿಲ್ಲ.

ಆಮೇಲೆ ಯಂತ್ರ ತರುವುದು ಬಿಟ್ಟು ಜನರನ್ನು ಒಂದೇ ಹಗ್ಗಕ್ಕೆ ತರುವ ಕೆಲಸಕ್ಕೆ ಇಳಿದೆ. ಅದೂ ಸಲೀಸಾಗಿರಲಿಲ್ಲ. ಒಂದು ತಂಡ ವೇಗವನ್ನು ಮೇಲ್ಮೈಯಿಂದ ಆಳದ 0.6 ಭಾಗ ಕೆಳಗೆ ಒಮ್ಮೆ ಮಾತ್ರ ಅಳೆಯುತ್ತಿತ್ತು. ಇನ್ನೊಂದು 0.2 ಮತ್ತು 0.8ರಲ್ಲಿ ಎರಡು ಸಲ. ಎರಡೂ ಪುಸ್ತಕದಲ್ಲಿರುವ ವಿಧಾನಗಳೇ. ಆದರೆ ಜೊಂಡಿರುವ ಕಡೆ ತಳದ ನೀರು ಬಹುತೇಕ ನಿಂತೇ ಇರುತ್ತದೆ, ಹಾಗಾಗಿ ಉತ್ತರ ಬೇರೆ ಬರುತ್ತಿತ್ತು. ಎರಡು ಸಲದ ವಿಧಾನಕ್ಕೆ ಒಪ್ಪಿಸಲು ನನಗೆ ಒಂದಿಡೀ ಚಳಿಗಾಲ ಹಿಡಿಯಿತು. ಇನ್ನು ಅಳತೆಗೋಲನ್ನು ಬೆಳಿಗ್ಗೆ ಎಂಟಕ್ಕೆ ಒಂದೇ ಸಲ ಓದಿದರೆ ಸಾಲದು. ನೀರು ಇಡೀ ದಿನ ಒಂದೇ ಸಮ ಇರುವುದಿಲ್ಲ, ಮೇಲಿನ ಹಳ್ಳಿಗಳ ತೂಬುಗಳನ್ನು ತೆರೆದರೆ, ಮುಚ್ಚಿದರೆ ಇಲ್ಲಿ ಗೊತ್ತಾಗುತ್ತದೆ.

ಎರಡನೇ ಬೇಸಿಗೆಯಿಂದ ಪ್ರತಿ ದೆಕಾದಕ್ಕೊಮ್ಮೆ ಜಂಟಿ ಅಳತೆ. ಒಂದೇ ಮೀಟರ್. ಮೊದಲು ಇವರು ಇಳಿಸಬೇಕು, ಆಮೇಲೆ ಅವರು. ಒಂದೇ ಪುಸ್ತಕ, ಎರಡು ಸಹಿ. ಪಟ್ಟಿ ಹೇಳುವುದಕ್ಕೂ ಕೈ ಅಳತೆಗೂ ಇರುವ ವ್ಯತ್ಯಾಸವನ್ನು ಮುಂದಿನ ಅಳತೆಯವರೆಗೆ ಎಲ್ಲ ಓದಿನಿಂದ ಕಳೆಯುತ್ತಿದ್ದೆವು. ಮೀಟರ್ ಯಾರ ಪೆಟ್ಟಿಗೆಯಲ್ಲಿ ಇರಬೇಕು ಅನ್ನುವುದಕ್ಕೂ ಅರ್ಧ ದಿನದ ಸಭೆ ನಡೆಯಿತು. ಅದನ್ನು ನಾನು ಈಗಲೂ ತಮಾಷೆಗೆ ಹೇಳುತ್ತೇನೆ, ಆದರೆ ಆ ದಿನ ಯಾರೂ ನಗಲಿಲ್ಲ.

ಮೂರನೇ ಬೇಸಿಗೆಯಲ್ಲಿ ಕೆಳಗಿನವರು ಒಳ್ಳೆಯ ಮನಸ್ಸಿನಿಂದಲೇ ಜೊಂಡು ಕತ್ತರಿಸಿದರು. ಯಾರಿಗೂ ಹೇಳಲಿಲ್ಲ. ರಾತ್ರಿ ಬೆಳಗಾಗುವಷ್ಟರಲ್ಲಿ ಮಟ್ಟ 12 ಸೆಂಟಿಮೀಟರ್ ಇಳಿದಿತ್ತು, ಓದಿನಿಂದ ಕಳೆಯುವ ಹಳೆಯ ಕಡಿತ ಮಾತ್ರ ಪುಸ್ತಕದಲ್ಲಿ ಹಾಗೇ ಇತ್ತು. ಲೆಕ್ಕದಲ್ಲಿ ನದಿ ಅರ್ಧಕ್ಕರ್ಧ ಮಾಯ! ಮೇಲೆ, ಲೆನಿನ್ ಮುಖ ಕೆತ್ತಿರುವ ಕಿರೋವ್ ಅಣೆಕಟ್ಟಿನ ಕಡೆಗೆ ಫೋನ್ ಮೇಲೆ ಫೋನ್. ನಾವು ಹಗ್ಗ ಕಟ್ಟಿ ಅಳೆದು ಹೊಸ ಕಡಿತ ಬರೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಂದಿನಿಂದ ಪುಸ್ತಕದಲ್ಲಿ ಇನ್ನೊಂದು ಕಾಲಂ ಸೇರಿತು: ಜೊಂಡು ಕತ್ತರಿಸಿದ ದಿನ, ಹೇಳಿದವರು, ಕೇಳಿಸಿಕೊಂಡವರು.